ಎರಡನೆಯ ಕೂಗು

ಮೇ 11

ಹೋಟೆಲಿನ ಕೋಣೆ. ಹೊರಗೆ ಇನ್ನೂ ಬಿಸಿಲಿದೆ, ಪರದೆ ಎಳೆದುಕೊಂಡು ಕೂತಿದ್ದೇವೆ. ಪಕ್ಕದ ಮಂಚದಲ್ಲಿ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ. ಐದು ವರ್ಷದಿಂದ ಆ ಉಸಿರನ್ನು ಬೆನ್ನ ಹಿಂದೆ ಕೇಳುತ್ತಿದ್ದೇನೆ, ನನಗೆ ಗೊತ್ತಾಗದೆ ಇರುತ್ತದೆಯೇ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ತಂಡದಲ್ಲಿ ಎಲ್ಲರಿಗಿಂತ ದೊಡ್ಡವಳು, ಹೆರಿಗೆಯಾದ ಮೇಲೂ ಹಟ ಹಿಡಿದು ಓಟಕ್ಕೆ ಮರಳಿದವಳು. ನಾಲ್ವರ ರಿಲೇಯಲ್ಲಿ ಅವಳು ಎರಡನೆಯವಳು, ನಾನು ಮೂರನೆಯವಳು. ಅವಳು ತಂದ ಬೇಟನ್ ಅನ್ನು ನಾನು ತೆಗೆದುಕೊಂಡು ತಿರುವಿನಲ್ಲಿ ಓಡಬೇಕು. ಇವತ್ತು ಫೈನಲ್‌ನಲ್ಲಿ ಅದು ಕೈ ಬದಲಾಗಿದ್ದು ಬೇಟನ್ ಬದಲಾಯಿಸಲು ಗುರುತು ಮಾಡಿದ ಜಾಗದ ಗೆರೆ ದಾಟಿದ ಮೇಲೆ. ಕೆಂಪು ಬಾವುಟ ಎತ್ತಿದರು, ಅಲ್ಲಿಗೆ ಮುಗಿಯಿತು. ಪದಕ ಕಣ್ಣೆದುರಿಗೇ ಇತ್ತು.

ಎಲ್ಲರೂ ಹೇಳುವುದು ಒಂದೇ. ಅಕ್ಕನ ಕಾಲು ಕೊನೆಯಲ್ಲಿ ಕೈಕೊಟ್ಟಿತು. ಟೀವಿಯವರು ಅದನ್ನೇ ಮೂರು ಸಲ ನಿಧಾನವಾಗಿ ತೋರಿಸಿದರು. ಅವಳು ಬೇಟನ್ ಚಾಚಿಕೊಂಡು ಬರುತ್ತಿದ್ದಾಳೆ, ನಾನು ದೂರ ದೂರ ಹೋಗುತ್ತಿದ್ದೇನೆ.

ಇಲ್ಲಿ ಬರೆದರೆ ಯಾರು ಓದುತ್ತಾರೆ, ಬರೆದುಬಿಡುತ್ತೇನೆ. ನಾನು ನಿಲ್ಲುವ ಜಾಗದಿಂದ ಹಿಂದಕ್ಕೆ ಪಾದಕ್ಕೆ ಪಾದ ಜೋಡಿಸಿ ಅಳೆದು, ನೆಲಕ್ಕೆ ಒಂದು ತುಂಡು ಟೇಪು ಅಂಟಿಸುತ್ತೇನೆ. ಅಕ್ಕನ ಕಾಲು ಅದನ್ನು ದಾಟಿದ ಕೂಡಲೇ ನಾನು ಹೊರಡಬೇಕು. ಇವತ್ತು ಟೇಪನ್ನು ಮೂರು ಪಾದ ಹಿಂದೆ, ಅವಳ ಕಡೆಗೆ ಅಂಟಿಸಿದೆ. ಅಂದರೆ ನಾನು ಬೇಗ ಹೊರಟೆ. ಬೇಗ ಹೊರಟರೆ ಬೇಟನ್ ಸಿಗುವಷ್ಟರಲ್ಲಿ ಪೂರ್ತಿ ವೇಗದಲ್ಲಿರುತ್ತೇನೆ, ತಂಡಕ್ಕೂ ಲಾಭವೇ. ಪ್ರಾಯೋಜನೆಗೆ ಓಟಗಾರ್ತಿಯರನ್ನು ಹುಡುಕುತ್ತಿದ್ದ ಶೂ ಕಂಪನಿಯವನು ಮೇಲೆ ಕೂತು ನೋಡುತ್ತಿದ್ದ ಅನ್ನುವುದೂ ನಿಜ. ಒಂಟಿ ಓಟದಲ್ಲಿ ನಾನು ಮೊದಲ ಸುತ್ತಿಗೇ ಮನೆ ಸೇರಿದ್ದೆ, ಅವನಿಗೆ ತೋರಿಸಲು ಇನ್ನೇನಿತ್ತು?

ಟೇಪು ಸರಿಸಿದರೆ ಅಕ್ಕನಿಗೂ ತರಬೇತಿ ಕೊಡುವ ಮೇಷ್ಟ್ರಿಗೂ ಹೇಳಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದರು. ಮೂರು ಪಾದ ಏನು ಮಹಾ, ಚುರುಕಾಗಿದ್ದವಳು ಮುಟ್ಟುತ್ತಿದ್ದಳು.

ಹಿಂದೆ ಬಿದ್ದರೆ ‘ತಡಿ’ ಎಂದು ಕೂಗುವುದು ನಮ್ಮ ಒಪ್ಪಂದ. ಅಕ್ಕ ಕೂಗಿದಳಂತೆ. ಅಷ್ಟು ಜನರ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

ಮೇ 12

ವಿಮಾನ ತಡ. ಅಕ್ಕ ಒಬ್ಬೊಬ್ಬರ ಹತ್ತಿರವೂ ಹೋಗಿ ಕ್ಷಮೆ ಕೇಳಿದಳು. ಮೊದಲು ಓಡುವವಳು, ನಾವು ಮಿಡತೆ ಎಂದು ಕರೆಯುವವಳು, ಎದ್ದು ನಿಂತು ತಬ್ಬಿಕೊಂಡಳು. ಕೊನೆಯಲ್ಲಿ ಓಡುವವಳು ಕಿವಿಯಿಂದ ಇಯರ್‌ಫೋನ್ ತೆಗೆಯದೆ ತಲೆಯಾಡಿಸಿದಳು. ನನ್ನ ಹತ್ತಿರ ಬಂದಾಗ ನಾನು ಬಾಳೆಹಣ್ಣು ಸುಲಿಯುತ್ತಿದ್ದೆ.

“ನಿನ್ನ ವರ್ಷ ಹಾಳು ಮಾಡ್ದೆ ಕಣೇ,” ಎಂದಳು.

ನಾನು ಅರ್ಧ ಹಣ್ಣು ಮುರಿದು ಕೊಟ್ಟೆ. ಅವಳು ತಿಂದಳು.

ಮೇ 19

ತರಬೇತಿ ಕೇಂದ್ರಕ್ಕೆ ಮರಳಿ ವಾರವಾಯಿತು. ಮತ್ತೆ ಅದೇ ಸಾಲು ಕೋಣೆಗಳು, ಅದೇ ಬೇಯಿಸಿದ ಮೊಟ್ಟೆ, ಮಂಜುಗಡ್ಡೆ ತುಂಬಿದ ನೀಲಿ ತೊಟ್ಟಿ. ಮುಂದಿನ ತಿಂಗಳು ಆಯ್ಕೆಯ ಓಟ. ಅದರಲ್ಲಿ ಬಂದವರಿಗೇ ಈ ವರ್ಷದ ದೊಡ್ಡ ಕ್ರೀಡಾಕೂಟ. ಅಕ್ಕನಿಗೆ ಅದು ಕೊನೆಯದು, ಮಗಳನ್ನು ಕರೆದುಕೊಂಡು ಹೋಗಿ ತೋರಿಸಬೇಕೆಂದು ಎಷ್ಟೋ ಕಾಲದಿಂದ ಹೇಳುತ್ತಿದ್ದಾಳೆ.

ಅವಳು ಈಗ ಬೆಳಿಗ್ಗೆ ನಮಗಿಂತ ಮೊದಲೇ ಟ್ರ್ಯಾಕಿನಲ್ಲಿರುತ್ತಾಳೆ. ಸೊಂಟಕ್ಕೆ ಪಟ್ಟಿ ಕಟ್ಟಿ ಕಬ್ಬಿಣದ ತಟ್ಟೆ ಎಳೆಯುತ್ತಾಳೆ. ಹಲ್ಲು ಕಚ್ಚಿ, ಮುಖ ಗಂಟಿಕ್ಕಿಕೊಂಡು. ಮೊದಲೆಲ್ಲ ಅವಳ ಓಟ ನೋಡಿದರೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗಿರುತ್ತಿತ್ತು. ಈಗ ಅವಳು ತನ್ನ ಕಾಲಿನ ಜೊತೆ ಜಗಳಕ್ಕೆ ನಿಂತವಳ ಹಾಗೆ ಓಡುತ್ತಾಳೆ. ಅಭ್ಯಾಸ ಹೆಚ್ಚಾದರೆ ಒಳ್ಳೆಯದೇ. ಆಯ್ಕೆಯಲ್ಲಿ ಚೆನ್ನಾಗಿ ಓಡಿದರೆ ಆ ಫೈನಲ್‌ನ ಮಾತು ಯಾರಿಗೂ ನೆನಪಿರುವುದಿಲ್ಲ, ನಾನೂ ಬಾಯಿ ಬಿಡಬೇಕಾಗಿಲ್ಲ.

ಸಂಜೆ ಬೇಟನ್ ಅಭ್ಯಾಸ. ಟೇಪು ಅದರ ಜಾಗದಲ್ಲೇ ಅಂಟಿಸಿದ್ದೆ. ಆದರೂ ಮೇಷ್ಟ್ರು ಎರಡು ಸಲ ಸೀಟಿ ಊದಿ ನಿಲ್ಲಿಸಿದರು. ನಾನು ಹೊರಟ ಮೇಲೆ ಹಿಂದಕ್ಕೆ ತಿರುಗಿದೆನಂತೆ. ನಾನು, ಹಿಂದಕ್ಕೆ ತಿರುಗುವುದು! ಹದಿನೇಳನೇ ವಯಸ್ಸಿನಲ್ಲಿ ಮೊದಲ ಸಲ ತಂಡಕ್ಕೆ ಬಂದಾಗ ಅಕ್ಕ ಕಲಿಸಿದ ಮೊದಲ ಪಾಠವೇ ಅದು. ಹೊರಟ ಮೇಲೆ ತಿರುಗಬೇಡ, ನಾನಿದೀನಿ ಅಂದಿದ್ದಳು. ಅವತ್ತು ನನ್ನ ಹತ್ತಿರ ಒಳ್ಳೆಯ ಸ್ಪೈಕ್ಸ್, ಮೊಳೆಯಿರುವ ಓಟದ ಬೂಟು, ಇರಲಿಲ್ಲ, ತನ್ನ ಹಳೆಯ ಜೊತೆಯನ್ನು ಮೂತಿಗೆ ಹತ್ತಿ ತುರುಕಿ ಕೊಟ್ಟಿದ್ದಳು. ಅದರಲ್ಲೇ ನನ್ನ ಮೊದಲ ವಿದೇಶದ ಓಟ.

ಕುತ್ತಿಗೆ ಹಿಡಿದಿರಬೇಕು. ದಿಂಬು ಬದಲಾಯಿಸಬೇಕು.

ಮೇ 20

ಹೋದ ವಾರ ಬರೆದದ್ದು ಸರಿಯಿಲ್ಲ. ಅವಳು ಎರಡು ಸಲ ಕೂಗಿದಳು. ಮೊದಲನೆಯದು ಕೇಳಿಸಲಿಲ್ಲ. ಎರಡನೆಯದು ಕೇಳಿಸಿತು, ಅಷ್ಟು ಹೊತ್ತಿಗೆ ಗೆರೆ ಬಂದೇಬಿಟ್ಟಿತ್ತು. ಸರಿಯಾಗಿ ಬರೆದಿರಲಿ ಅಂತ.

ಜೂನ್ 2

ಅಮ್ಮ ನೋಡಲು ಬಂದಿದ್ದಳು. ಔಷಧಿ ಅಂಗಡಿಯಲ್ಲಿ ಕೌಂಟರಿನ ಕೆಲಸ, ರಜೆ ಸಿಗುವುದೇ ಅಪರೂಪ. ಸಿಕ್ಕ ದಿನ ಗಂಟಲು ಮಾತ್ರೆ, ನೋವಿನ ಮುಲಾಮು, ಯಾವ ಕಾಲಕ್ಕೂ ಮುಗಿಯದ ಬ್ಯಾಂಡೇಜು ಹೊತ್ತು ಬರುತ್ತಾಳೆ. ನಾನು ಓಟಗಾರ್ತಿಯೋ ಯುದ್ಧಕ್ಕೆ ಹೋಗುವವಳೋ ಅವಳಿಗೆ ಇನ್ನೂ ಖಾತ್ರಿಯಿಲ್ಲ.

ಮೆಟ್ಟಿಲ ಹತ್ತಿರ ಅಕ್ಕ ಎದುರಾದಳು. ಚೆನ್ನಾಗಿದೀರಾ ಅಮ್ಮ ಎಂದು ನಿಂತಳು. ಅಮ್ಮ ಮುಖ ತಿರುಗಿಸಿಕೊಂಡು ನನ್ನ ಕೈ ಎಳೆದಳು. ಅವಳಿಗೆ ಕೇಳುವ ಹಾಗೆಯೇ ಅಂದಳು: “ಕಾಲಲ್ಲಿ ಆಗಲ್ಲ ಅಂದ್ರೆ ಮನೇಲಿರ್ಬೇಕು. ಚಿಕ್ಕ ಹುಡುಗೀರ ಬಾಯಿಗೆ ಮಣ್ಣು ಹಾಕೋದು ಯಾಕೆ?”

ಸ್ವಲ್ಪ ಹೊತ್ತಿಗೆ ಅಕ್ಕ ನನ್ನ ಕೋಣೆಯ ಬಾಗಿಲು ತಟ್ಟಿ ಎರಡು ಲೋಟ ಟೀ ಇಟ್ಟು ಹೋದಳು. ಅಮ್ಮನಿಗೆ ಸಕ್ಕರೆ ಕಮ್ಮಿ ಬೇಕೆಂದು ಯಾವಾಗಲೋ ನಾನು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. ಅಮ್ಮ ಮೂತಿ ಉಬ್ಬಿಸಿಕೊಂಡೇ ಪೂರ್ತಿ ಕುಡಿದಳು.

ನಾನು ಆಗಲೇ ಹೇಳಬಹುದಿತ್ತು. ಅಮ್ಮ, ಅವಳಲ್ಲ, ನಾನು. ಎರಡು ಪದದ ಕೆಲಸ. ಬಾಯಿಗೆ ಬೀಗ ಜಡಿದ ಹಾಗೆ ಕೂತಿದ್ದೆ. ಬಸ್ಸಿಗೆ ಬಿಟ್ಟು ಬರುವಾಗ ಓಣಿಯಲ್ಲಿ ಯಾರೋ ಹಿಂದೆ ಬರುತ್ತಿದ್ದಾರೆ ಅನ್ನಿಸಿ ಎರಡು ಸಲ ನಿಂತೆ. ನೋಡಿದರೆ ಕೇಂದ್ರದ ಬಟ್ಟೆ ಒಗೆಯುವ ಹೆಂಗಸು, ಬಕೆಟ್ ಹಿಡಿದುಕೊಂಡು ಅವಳ ಪಾಡಿಗೆ ಅವಳು ಬರುತ್ತಿದ್ದಳು. ಏನಮ್ಮ ಏನಾದ್ರೂ ಬೇಕಿತ್ತಾ ಎಂದಳು.

ಜೂನ್ 9

ಶೂ ಕಂಪನಿಯವನು ಹೊಸ ಸ್ಪೈಕ್ಸ್ ಕಳಿಸಿದ್ದಾನೆ. ಕಿತ್ತಳೆ ಬಣ್ಣ. ಡಬ್ಬಿ ತೆರೆದೆ, ಮುಚ್ಚಿ ಮಂಚದ ಕೆಳಗೆ ತಳ್ಳಿದೆ. ಇನ್ನೂ ಹದವಾಗಬೇಕು, ಆಯ್ಕೆಗೆ ಹಳೆಯದೇ ವಾಸಿ.

ಜೂನ್ 14

ಆಯ್ಕೆಯ ಓಟ ಮುಗಿಯಿತು. ನಾನು ಗೆದ್ದೆ.

ಅಕ್ಕ ಆರನೆಯವಳಾದಳು. ಬಂದೂಕಿನ ಸದ್ದಿಗೆ ಎಲ್ಲರಿಗಿಂತ ಮೊದಲು ಎದ್ದವಳೇ ಅವಳು. ಅರ್ಧ ದಾರಿಯವರೆಗೆ ನನ್ನ ಪಕ್ಕದಲ್ಲೇ ಇದ್ದಳು, ಉಸಿರು ಕೇಳುತ್ತಿತ್ತು. ಆಮೇಲೆ ಹೆಗಲು ಕಿವಿಗೇರಿತು, ಮುಷ್ಟಿ ಬಿಗಿಯಿತು, ಅವಳೇ ಅವಳನ್ನು ಹಿಡಿದು ನಿಲ್ಲಿಸಿದ ಹಾಗೆ. ಇದೆಲ್ಲ ನನಗೆ ಹೇಗೆ ಗೊತ್ತು? ಮೊದಲ ಸ್ಥಾನದಲ್ಲಿದ್ದವಳು ನಾನು. ಗೆರೆಯ ಹತ್ತಿರ ತೆಗೆದ ಫೋಟೋ ಗೋಡೆಗೆ ಹಾಕಿದ್ದಾರೆ. ಎಲ್ಲರ ಮುಖ ಮುಂದಿದೆ, ನನ್ನದು ಮಾತ್ರ ಪಕ್ಕಕ್ಕೆ ತಿರುಗಿದೆ. ಹಾಳು ಫೋಟೋ.

ಪಟ್ಟಿ ಓದಿದರು. ಅಕ್ಕನ ಜಾಗಕ್ಕೆ ಪಾಪು ಅನ್ನುವ ಹೊಸ ಹುಡುಗಿ. ಅಕ್ಕ ಅವಳ ಬೆನ್ನು ತಟ್ಟಿ ನೀರು ಕೊಟ್ಟು, ಬಟ್ಟೆ ಬದಲಾಯಿಸುವ ಕೋಣೆಗೆ ಹೋದಳು. ತುಂಬ ಹೊತ್ತು ಹೊರಗೆ ಬರಲಿಲ್ಲ. ಆಚೆ ನಿಂತಿದ್ದೆ. ಒಳಗೆ ಅವಳು ಅಳುತ್ತಿರಲಿಲ್ಲ. ತೊಡೆಗೆ ಅಂಗೈಯಿಂದ ಹೊಡೆದುಕೊಳ್ಳುತ್ತಿದ್ದಳು, ಒಂದಾದ ಮೇಲೊಂದು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಅವಳು ಗೆದ್ದರೆ ನನ್ನ ತಪ್ಪು ತಾನಾಗಿಯೇ ತೊಳೆದುಹೋಗುತ್ತದೆ ಎಂದು ಕೂತಿದ್ದೆನಲ್ಲ, ಎಂಥ ನಾಚಿಕೆಗೇಡು. ನನ್ನ ಪಾಪಕ್ಕೂ ಅವಳೇ ಓಡಬೇಕಿತ್ತು.

ಜೂನ್ 15

ಮೇಷ್ಟ್ರ ಕೋಣೆಗೆ ಹೋದೆ. ಅವರು ಸ್ಟಾಪ್‌ವಾಚುಗಳ ಬ್ಯಾಟರಿ ಬದಲಾಯಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಟೇಪು, ಮೂರು ಪಾದ, ಹೇಳದೆ ಇದ್ದದ್ದು. ಕೂಗು ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದೂ ಸೇರಿಸಿದೆ.

ಅವರು ತಲೆಯೆತ್ತಲಿಲ್ಲ. “ಗೊತ್ತು. ನಾನು ಮೇಲಿಂದ ತೆಗೆದ ವಿಡಿಯೋದಲ್ಲಿ ಟೇಪು ಕಾಣ್ಸುತ್ತೆ.”

ಹಾಗಿದ್ದರೆ ಅಕ್ಕನ ಮೇಲೆ ಯಾಕೆ ಹೊರಿಸಿದಿರಿ ಎಂದು ಕೇಳಿದೆ.

“ಅವಳಿಗೆ ಮೂವತ್ಮೂರು, ನಿಂಗೆ ಇಪ್ಪತ್ತೆರಡು. ಯಾರನ್ನ ಕಳ್ಕೊಂಡ್ರೆ ತಂಡಕ್ಕೆ ನಷ್ಟ ಅಂತ ನೋಡೋದು ನನ್ನ ಕೆಲಸ. ಹೇಗೂ ಅವಳನ್ನ ಬಿಡ್ಬೇಕಿತ್ತು, ನೀನು ದಾರಿ ಸುಲಭ ಮಾಡ್ದೆ.” ಬ್ಯಾಟರಿಯ ಮುಚ್ಚಳ ಒತ್ತಿದರು. “ಸುಮ್ನೆ ಓಡು ಹೋಗು.”

ಬಂದು ಮಂಚದ ಮೇಲೆ ಕೂತೆ. ಬೈಸಿಕೊಂಡು ಹಗುರಾಗಲು ಹೋದವಳು ನಾನು. ಬೈಗುಳವೂ ಸಿಗಲಿಲ್ಲ.

ಜೂನ್ 17

ಅಕ್ಕನಿಗೆ ಹೇಳಿದೆ.

ಅವಳು ಸಾಮಾನು ಕಟ್ಟುತ್ತಿದ್ದಳು. ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಮಗಳ ಚಿತ್ರಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು, ಬಾಗಿಲಿನ ಬಣ್ಣ ಕಿತ್ತುಬರದ ಹಾಗೆ ಉಗುರಿನಿಂದ ಮೆಲ್ಲಗೆ. ನಾನು ಮಾತು ಶುರು ಮಾಡಿದಾಗಲೂ ಬಿಡಿಸುತ್ತಲೇ ಇದ್ದಳು. ಟೇಪು ಎಂದಾಗ ಕೈ ನಿಂತಿತು.

ಕಪಾಳಕ್ಕೆ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಮಂಚದ ಅಂಚಿನಲ್ಲಿ ಕೂತು ತನ್ನ ಮೊಣಕಾಲುಗಳನ್ನೇ ನೋಡಿದಳು.

“ಇಷ್ಟು ದಿನ ಇವನ್ನ ಬೈತಾ ಇದ್ದೆನಲ್ಲೇ,” ಎಂದಳು. “ಬೆಳಿಗ್ಗೆ ಎದ್ದು ಇವನ್ನೇ ಬೈದೆ. ಮಗೂಗೆ ಹೇಳ್ದೆ, ಅಮ್ಮಂಗೆ ವಯಸ್ಸಾಯ್ತು ಪುಟ್ಟಾ ಅಂತ.”

ನಾನು ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಹೋಗು ಎಂದಳು, ಅಷ್ಟೆ. ಕೋಪದ ದನಿಯಲ್ಲೂ ಅಲ್ಲ.

ಜೂನ್ 18

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳ ಹಿಂದೆ ಅಂಗಡಿಯ ಗಿರಾಕಿಗಳ ಗಲಾಟೆ. ಎಲ್ಲ ಕೇಳಿಸಿಕೊಂಡು, “ಆ ಹೆಂಗ್ಸು ಕೊಟ್ಟ ಟೀ ಕುಡಿದ್ನಲ್ಲೇ ನಾನು,” ಎಂದು ಇಟ್ಟುಬಿಟ್ಟಳು.

ಜೂನ್ 20

ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಸ್ಪೈಕ್ಸ್ ಹಾಕಿಕೊಂಡು, ಕೈಯಲ್ಲಿ ಬೇಟನ್. “ಟೇಪು ತಗೊಂಡು ಬಾ,” ಎಂದಳು.

ಟ್ರ್ಯಾಕಿನಲ್ಲಿ ಯಾರೂ ಇರಲಿಲ್ಲ. ಪಾದಕ್ಕೆ ಪಾದ ಜೋಡಿಸಿ ಅಳೆದೆ. ಟೇಪು ಸೊಟ್ಟಗಾಯಿತು. ಕಿತ್ತು ಮತ್ತೆ ಅಂಟಿಸಿದೆ. ಅವಳು ಬಂದು ತಾನೂ ಒಮ್ಮೆ ಅಳೆದಳು. ಹೌದು, ಇನ್ನು ಮುಂದೆ ನನ್ನ ಅಳತೆಯನ್ನು ಅವಳು ಅಳೆದೇ ನಂಬಬೇಕು.

ಅವಳು ನೇರ ದಾರಿಯ ಆ ತುದಿಗೆ ಹೋದಳು. ನಾನು ಬಗ್ಗಿ ನಿಂತು ಟೇಪನ್ನೇ ನೋಡುತ್ತಿದ್ದೆ. ಅವಳ ಹೆಜ್ಜೆ ಸದ್ದು ಹತ್ತಿರವಾಯಿತು. ಹೆಗಲು ಸಡಿಲ, ಮುಖ ಸಡಿಲ, ಹಳೆಯ ಅಕ್ಕ. ಅವಳ ಕಾಲು ಟೇಪು ದಾಟಿತು, ನಾನು ಹೊರಟೆ. ಇರುವ ಶಕ್ತಿಯನ್ನೆಲ್ಲ ಹಾಕಿ ಓಡಿದೆ, ಮೋಸ ಮಾಡಬಾರದು ಅಂತ. ‘ಕೈ’ ಅಂದಳು. ಚಾಚಿದೆ. ಬೇಟನ್ ಅಂಗೈಗೆ ಠಪ್ಪನೆ ಬಿತ್ತು. ಉರಿಯಿತು.

ನಿಂತು ನೋಡಿದರೆ ಬೇಟನ್ ಸಿಕ್ಕ ಜಾಗಕ್ಕೂ ಗೆರೆಗೂ ನಡುವೆ ಇಬ್ಬರು ಅಡ್ಡ ಮಲಗುವಷ್ಟು ಜಾಗ ಉಳಿದಿತ್ತು. ಅಕ್ಕ ಆ ಜಾಗದಲ್ಲಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ನಡೆದಳು.

“ಕಾಲು ಸರಿಯಾಗೇ ಇತ್ತು,” ಎಂದಳು. ನನಗೆ ಹೇಳಿದ್ದಲ್ಲ.

ಆಮೇಲೆ ನನ್ನ ಕಡೆ ತಿರುಗಿ, ಎಲ್ಲರೆದುರಿಗೆ ಹೇಳಬೇಕೆಂದಳು. ಅದು ಮುಗಿದ ಮೇಲೆ ಮನೆಗೆ ಬಂದು ಮಗಳಿಗೂ ಹೇಳಬೇಕು. ಆ ವಿಡಿಯೋವನ್ನು ಶಾಲೆಯಲ್ಲಿ ತೋರಿಸಿ ಆಡಿಕೊಳ್ಳುತ್ತಾರಂತೆ. “ನಾನು ಹೇಳಿದ್ರೆ ನೆಪ ಹೇಳ್ತಿದಾಳೆ ಅನ್ಸುತ್ತೆ. ನೀನೇ ಬಾ.”

ಜೂನ್ 22

ಊಟದ ಕೋಣೆಯಲ್ಲಿ ಹೇಳಿದೆ. ತಂಡ, ಮೇಷ್ಟ್ರು, ಒಕ್ಕೂಟದ ಕಾರ್ಯದರ್ಶಿ ಎಲ್ಲರೂ ಇದ್ದರು. ಟೇಪಿನ ಸಂಗತಿ ಪೂರ್ತಿ, ಕೂಗಿನ ಸಂಗತಿ ಮೊದಲಿನ ಹಾಗೆಯೇ. ಕಾರ್ಯದರ್ಶಿ ಟೀ ಕಲಕುತ್ತ, ಆಗಿದ್ದು ಆಗಿಹೋಯಿತು, ಪಟ್ಟಿ ಬದಲಾಗುವುದಿಲ್ಲ ಎಂದರು. ಪಾಪು ಹೆದರಿ ತಟ್ಟೆಯನ್ನೇ ನೋಡುತ್ತಿದ್ದಳು. ಮೇಷ್ಟ್ರು ಅನ್ನ ಕಲಸುತ್ತಲೇ ಇದ್ದರು, ತುತ್ತು ಮಾತ್ರ ಬಾಯಿಗೆ ಹೋಗಲಿಲ್ಲ. ಮಿಡತೆ ತನ್ನ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು.

ಜೂನ್ 24

ಅಕ್ಕನ ಮನೆ ಮೂರನೆಯ ಮಹಡಿ. ಬಾಗಿಲ ಹೊರಗೆ ಚಪ್ಪಲಿ ಗೂಡು, ಮೇಲಿನ ಸಾಲಿನಲ್ಲಿ ಅವಳ ಸ್ಪೈಕ್ಸ್, ಕೆಳಗೆ ಅಂಗೈಯಗಲದ ಪುಟ್ಟ ಬೂಟು. ಅಕ್ಕ ಬಾಗಿಲು ತೆಗೆದು, ಮಗಳನ್ನು ಕರೆದು, ಪಾತ್ರೆ ತೊಳೆಯಲು ಅಡುಗೆಮನೆಗೆ ಹೋದಳು.

ಎಂಟು ವರ್ಷದ ಹುಡುಗಿ. ಮುಂದಿನ ಹಲ್ಲೊಂದು ಬಿದ್ದಿದೆ. ಕುರ್ಚಿಯ ಮೇಲೆ ಕಾಲು ಮಡಿಸಿಕೊಂಡು, ವಕೀಲರ ಹಾಗೆ ಕೇಳಿಸಿಕೊಂಡಳು. ನಾನು ನೆಲದ ಮೇಲೆ ಪೆನ್ಸಿಲ್ ಇಟ್ಟು, ಇದು ಟೇಪು, ಇಲ್ಲಿ ನಾನು, ಅಲ್ಲಿಂದ ನಿಮ್ಮಮ್ಮ ಎಂದು ತೋರಿಸಿದೆ. ಪೆನ್ಸಿಲನ್ನು ಹಿಂದಕ್ಕೆ ಸರಿಸಿದೆ. ಅವಳಿಗೆ ಕೂಡಲೇ ತಿಳಿಯಿತು.

“ಅಂದ್ರೆ ಅಮ್ಮ ನಿಧಾನ ಅಲ್ಲ,” ಎಂದಳು.

ಅಲ್ಲ, ತುಂಬ ಜೋರು ಎಂದೆ. ಅವಳು ಪೆನ್ಸಿಲನ್ನು ಅದರ ಸರಿಯಾದ ಜಾಗಕ್ಕೆ ತಂದಿಟ್ಟಳು. ಅಲ್ಲಿಗೆ ಮುಗಿಯಿತೆಂದು ನಾನು ಏಳಲು ಹೊರಟೆ.

“ಅಮ್ಮ ತಡಿ ತಡಿ ಅಂತ ಎರಡು ಸಲ ಕೂಗಿದ್ಲು. ವಿಡಿಯೋದಲ್ಲಿ ಬಾಯಿ ಕಾಣ್ಸುತ್ತೆ. ನಿಂಗೆ ಕೇಳಿಸ್ಲಿಲ್ವಾ?”

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು.

ಗದ್ದಲ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮೇಷ್ಟ್ರಿಗೆ ಅದನ್ನೇ ಹೇಳಿದ್ದೆ, ಊಟದ ಕೋಣೆಯಲ್ಲೂ ಅದನ್ನೇ ಹೇಳಿದ್ದೆ. ಯಾರೂ ಓದದ ಇಲ್ಲಿ ಕೂಡ ಮೊದಲ ದಿನವೇ ಅದನ್ನೇ ಬರೆದಿದ್ದೇನೆ.

“ಕೇಳಿಸ್ತು,” ಎಂದೆ. “ಎರಡು ಸಲಾನೂ ಕೇಳಿಸ್ತು.”

“ಮತ್ತೆ ಯಾಕೆ ತಡೀಲಿಲ್ಲ?”

“ನಾನು ಚೆನ್ನಾಗಿ ಓಡ್ತಾ ಇದ್ದೆ. ನಿಲ್ಲೋಕೆ ಮನಸ್ಸಾಗ್ಲಿಲ್ಲ.”

ಅವಳು ಪೆನ್ಸಿಲ್ ಎತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಮ್ಮಾ ಅವಳಿಗೆ ಕೇಳ್ಸಿತ್ತಂತೆ ಎಂದು ಹೇಳಿದ್ದು ಕೇಳಿತು. ನಲ್ಲಿ ಮತ್ತೆ ತೆರೆದುಕೊಂಡಿತು, ಈಗ ಇನ್ನೂ ಜೋರಾಗಿ. ಟೇಪಿನ ಮೋಸಕ್ಕೆ ಅಕ್ಕ ಇನ್ನೊಮ್ಮೆ ಓಡಿ ಉತ್ತರ ಕಂಡುಕೊಂಡಳು. ಇದಕ್ಕೆ ಏನು ಮಾಡುತ್ತಾಳೆ? ನಾನೇ ಬಾಗಿಲೆಳೆದುಕೊಂಡು ಹೊರಗೆ ಬಂದೆ.

ಎರಡು ಮಹಡಿ ಇಳಿದಿರಬೇಕು. ಮೇಲಿನಿಂದ ಹೆಜ್ಜೆ ಸದ್ದು, ಹಿಂದೆಯೇ ಅಕ್ಕನ ದನಿ.

“ತಡಿ.”

ನಿಂತೆ. ಅವಳು ಎರಡನೆಯ ಸಲ ಕೂಗಬೇಕಾಗಲಿಲ್ಲ. ಇಳಿದು ಬಂದಳು, ಕೈ ಇನ್ನೂ ಒದ್ದೆಯಾಗಿತ್ತು, ಕಣ್ಣು ಕೆಂಪಾಗಿತ್ತು. ನಾನು ಮರೆತುಬಂದಿದ್ದ ನೀರಿನ ಬಾಟಲಿಯನ್ನು ನನ್ನ ಅಂಗೈಗಿಟ್ಟು, ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.